ಒಳಗೇ ಎಚ್ಚೆತ್ತ ರಸ

ಆಸ್ಪತ್ರೆ, ಮೂರನೇ ಮಹಡಿ
ನವೆಂಬರ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದದ್ದು ಸಾಕು, ಓದು. ಮಂಗಳವಾರ ಸಂಜೆಯಿಂದ ಇವರು ತೀವ್ರ ನಿಗಾ ಘಟಕದಲ್ಲಿದ್ದಾರೆ. ಫೋನಿನಲ್ಲಿ ಹೇಳಲಾಗದೆ ಬರೆಯುತ್ತಿದ್ದೇನೆ.

ಜೀವಶಾಸ್ತ್ರ ಹೇಳಿಕೊಟ್ಟವಳು ನೀನೇ. ಪ್ರೋಟೀನ್ ಅರಗಿಸುವ ಕಿಣ್ವ ಮೇದೋಜೀರಕ ಗ್ರಂಥಿಯ ಜೀವಕೋಶದಲ್ಲಿ ತಯಾರಾದರೂ ಅಲ್ಲಿ ಕೆಲಸ ಮಾಡುವಂತಿಲ್ಲ; ಹೊರಬಿದ್ದು ಕರುಳಿಗಿಳಿದ ಮೇಲಷ್ಟೇ ಅದಕ್ಕೆ ಎಚ್ಚರ. "ಒಳಗಿದ್ದರೆ ಬೀಗ, ಕರುಳಿಗಿಳಿದರೆ ವೇಗ" ಎಂದು ಪ್ರಾಸ ಕಟ್ಟಿ ನಿನ್ನಿಂದ ಮೊಟಕಿಸಿಕೊಂಡಿದ್ದೆ. ಇವರಿಗೆ ಬೀಗ ಒಳಗೇ ಕಳಚಿದೆ. ಪಿತ್ತದ ಕಲ್ಲೊಂದು ಗ್ರಂಥಿಯ ನಾಳಕ್ಕೆ ಅಡ್ಡ ಕೂತಿತ್ತಂತೆ.

"ಗ್ರಂಥಿ ತನ್ನನ್ನೇ ಅರಗಿಸ್ಕೊಳ್ತಾ ಇದೆ ಅಮ್ಮಾ," ಎಂದರು ಡಾಕ್ಟರು.

"ಹಳೇ ಪ್ರೋಟೀನ್ ಅರಗಿಸೋ ಪುಟ್ಟ ಚೀಲಗಳು ಎಲ್ಲಾ ಜೀವಕೋಶದಲ್ಲೂ ಇರ್ತವಲ್ಲ ಡಾಕ್ಟ್ರೇ, ಅವು ಕೋಶವನ್ನೇ ತಿನ್ನಲ್ವಲ್ಲ?" ಎಂದೆ.

"ಆ ಚೀಲದ ಕಿಣ್ವವೇ ಗ್ರಂಥಿಯ ಕಿಣ್ವಾನ ಒಳಗೇ ಎಬ್ಬಿಸಿರ್ಬೇಕು. ಇನ್ನೆರಡು ದಿನ ಏನೂ ಹೇಳೋಕಾಗಲ್ಲ."

ಚೀಲದಲ್ಲಿದ್ದರೆ ಸಂಸಾರ, ಹರಿದರೆ ಸಂಹಾರ. ಪ್ರಾಸ ಬಂತು, ನಗು ಬರಲಿಲ್ಲ.

ಹದಿನೆಂಟು ವರ್ಷ ಲ್ಯಾಬಿನಲ್ಲಿ ಕೂತು ಯಾರ್ಯಾರದೋ ರಕ್ತ ನೋಡಿದವಳು ಈಗ ನರ್ಸ್ ಕೈಯ ಟ್ರೇ ಸದ್ದಾದರೂ ಎದ್ದು ನಿಲ್ಲುತ್ತೇನೆ. ನಿನ್ನೆ ಐದು ನಿಮಿಷ ಒಳಗೆ ಬಿಟ್ಟರು. ಇವರ ಬಡಗಿ ಕೈ ಅಷ್ಟು ತಣ್ಣಗಿದ್ದದ್ದನ್ನು ನಾನು ಕಂಡಿರಲಿಲ್ಲ. "ಮರಕ್ಕಾದ್ರೆ ಹುಳ ಹೊರಗಿಂದ ಬರುತ್ತೆ ಕಣೇ. ನನಗೆ ನಾನೇ ಹುಳ," ಎಂದರು. "ಸುಮ್ನಿರಿ, ಮಾತಾಡಿದ್ರೆ ಆಯಾಸ," ಎಂದು ಗದರಿದೆ. ಗದರಿದ್ದು ಇವರನ್ನಲ್ಲ, ಭಯವನ್ನು.

ಮಗಳು ಬಂದಿದ್ದಾಳೆ. ಬಾಗಿಲ ಗಾಜಿಗೆ ಹಣೆಯಿಟ್ಟು ನಿಲ್ಲುತ್ತಾಳೆ, ನನ್ನ ಮುಖ ನೋಡುವುದಿಲ್ಲ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಮಗೆ ನಿನ್ನದು ಬೇಕು.

ನಿನ್ನ
ಪ್ರಾಸದ ಪುಟ್ಟಿ

ಮರೆತದ್ದಲ್ಲ, ಮರೆಸಿದ್ದು: ಮಂಗಳವಾರ ಬೆಳಿಗ್ಗೆಯೇ ಇವರು ಹೊಟ್ಟೆ ಹಿಡಿದುಕೊಂಡು ಲ್ಯಾಬಿಗೆ ಬಂದಿದ್ದರು. ರಕ್ತ ತೆಗೆದವಳು ನಾನೇ. ಗ್ರಂಥಿಯ ಕಿಣ್ವದ ಅಂಕಿ ಮಿತಿ ಮೀರಿ ಬಂತು. ಹಾಗೆ ಬಂದರೆ ವರದಿ ಬರೆಯದೆ ಇನ್ನೊಮ್ಮೆ ಮೆಷಿನ್ನಿಗೆ ಹಾಕಿ ನೋಡುವುದು ನಮ್ಮ ಪದ್ಧತಿ. ಮನೆಯವರ ರಕ್ತದ ಟ್ಯೂಬ್ ಸರದಿಯ ಕೊನೆಗೆ ಎಂಬುದು ನಾನೇ ಮಾಡಿಕೊಂಡ ನಿಯಮ. ಇವರದಕ್ಕಿಂತ ಮುಂದೆ ನಲವತ್ತು ಟ್ಯೂಬ್ ಇದ್ದವು. "ಮೆಷಿನ್ ಕೆಟ್ಟಿದೆ ರೀ. ಗ್ಯಾಸ್ ಇರ್ಬೇಕು, ಹೋಗಿ ಮಲಗಿ," ಎಂದು ಕಳಿಸಿದೆ. ಸಂಜೆ ಇವರನ್ನು ಪಕ್ಕದ ಮನೆಯವರು ಆಸ್ಪತ್ರೆಗೆ ಎತ್ತಿಕೊಂಡು ಬಂದರು.

ನಿನ್ನೆ ನಾನು ಹೊರಡುವಾಗ ಇವರು ಕೇಳಿದರು: "ಮೆಷಿನ್ ರಿಪೇರಿ ಆಯ್ತಾ?"

ಆಯ್ತು ಅಂದೆ. ಅದು ಕೆಟ್ಟೇ ಇರಲಿಲ್ಲ, ಅಕ್ಕ.