ಸೊಂಟದ ಮೂಳೆಯ ಮೇಲೆ ಒಂದು ಹೆಬ್ಬೆಟ್ಟು

ಯಾಯಿಜು ಬಂದರು,
ಮಾರ್ಚ್ ೯, ೨೦೧೭

ಪ್ರೀತಿಯ ಯಜಮಾನರಿಗೆ ನಿಮ್ಮ ಫುಮಿಯೆಯ ನಮಸ್ಕಾರ.

ಹೇಗಿದ್ದೀರಿ? ಚಳಿಗೆ ಬಲಗೈ ಬೆರಳು ಮರಗಟ್ಟುತ್ತವೆ ಅಂತ ಬರೆದಿದ್ದಿರಿ. ಈ ಕಾಗದದ ಜೊತೆ ಎರಡು ಜೊತೆ ಉಣ್ಣೆಯ ಕೈಗವಸು ಇಟ್ಟಿದ್ದೇನೆ. ಕೇಪ್ ಟೌನಿನಲ್ಲಿ ಏಜೆಂಟರು ಕೊಟ್ಟ ಕೂಡಲೇ ಹಾಕಿಕೊಳ್ಳಿ, ಹಡಗಿನವರಿಗೆಲ್ಲ ದಾನ ಮಾಡಿ ಕರ್ಣನಾಗಬೇಡಿ. ಅತ್ತೆಯವರು ಎಂಬತ್ತೊಂದಕ್ಕೂ ಗಟ್ಟಿಯಾಗಿದ್ದಾರೆ. ಊರವರು ಕಾಸು ಕೊಟ್ಟು ಮೀಯುವ ನಮ್ಮ ಸ್ನಾನದ ಮನೆಯ ಗಲ್ಲಾದ ಮುಂದೆ ಮಧ್ಯಾಹ್ನ ಕೂತರೆ ಕೊನೆಯ ಗಿರಾಕಿ ಹೋಗುವವರೆಗೂ ಏಳುವುದಿಲ್ಲ.

ಇನ್ನು ನನ್ನ ಸುದ್ದಿ. ನೀವು ಬೇಡ ಅಂದದ್ದನ್ನು ಮಾಡಿದ್ದೇನೆ ಕಣ್ರೀ. ಆಪರೇಶನ್ ಆಗಿ ಇವತ್ತಿಗೆ ಇಪ್ಪತ್ತೇಳು ದಿನ. "ನಾನು ಬರೋವರೆಗೂ ಚಾಕು ಮುಟ್ಟಿಸ್ಕೋಬೇಡ" ಅಂತ ಹಡಗಿನಿಂದ ಫೋನಿನಲ್ಲಿ ಅಪ್ಪಣೆ ಮಾಡಿದಿರಿ. ನೀವು ಬರುವುದು ನವೆಂಬರಿಗೆ. ಅಲ್ಲಿವರೆಗೆ ಹೆಂಗಸರ ಕಡೆಯ ಹಂಡೆ, ನೆಲ, ಟೈಲ್ಸು ಉಜ್ಜುವವರು ಯಾರು? ಆರು ವರ್ಷದಿಂದ ಬಗ್ಗಿದರೆ ಏಳಲಾರೆ, ಎದ್ದರೆ ನಡೆಯಲಾರೆ. ಮೀನು ಮಾರುಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಮೂರು ಕಡೆ ಕೂರಬೇಕಿತ್ತು. ಸ್ನಾನಕ್ಕೆ ಬರುವ ಹೆಂಗಸರೆಲ್ಲ ನನ್ನ ಬೆನ್ನಿಗೆ ಒಂದೊಂದು ನೋವಿನ ಪಟ್ಟಿ ಅಂಟಿಸಿ ಒಂದೊಂದು ಸಲಹೆ ಕೊಟ್ಟರು. ಮೊದಲನೇ ಡಾಕ್ಟರು ಬೆನ್ನಿನ ಸ್ಕ್ಯಾನ್ ಫೋಟೋ ನೋಡಿ ಬೆನ್ನುಹುರಿಯ ದಾರಿ ಕಿರಿದಾಗಿದೆ, ಸ್ಕ್ರೂ ಹಾಕಿ ಬಿಗಿಯಬೇಕು ಅಂದರು. ಎರಡನೆಯವರು ಅದೇ ಫೋಟೋ ನೋಡಿ ಏನೂ ಇಲ್ಲ ಅಂದರು. ಗಂಡ ಸಮುದ್ರದಲ್ಲಿದ್ದಾನೆ ಅಂತ ಗೊತ್ತಾಗಿ, "ಒಂಟಿತನ ಹೀಗೆಲ್ಲ ನೋಯಿಸುತ್ತೆ ಅಮ್ಮಾ" ಅಂತ ಮನಸ್ಸಿನ ಮಾತ್ರೆ ಬರೆದುಕೊಟ್ಟರು. ನೀವು ಸಮುದ್ರಕ್ಕೆ ಹೋಗುವುದು ಮೂವತ್ತು ವರ್ಷದಿಂದ. ನೋವು ಬಂದದ್ದು ಆರು ವರ್ಷದಿಂದ. ಇಷ್ಟು ಲೆಕ್ಕ ನನಗೂ ಬರುತ್ತೆ ಅಂತ ಹೇಳಿ ಚೀಟಿ ಅಲ್ಲೇ ಬಿಟ್ಟು ಬಂದೆ. ಅತ್ತೆಯವರಂತೂ, "ನಮ್ಮ ಸೊಸೆಗೆ ನೆಲ ಒರೆಸೋ ಹೊತ್ತಿಗೆ ಸರಿಯಾಗಿ ಕುಂಟು ಬರುತ್ತೆ" ಅಂತ ಗಿರಾಕಿಗಳ ಮುಂದೆಯೇ ನಗಾಡಿದರು. ಆವತ್ತು ಬಕೆಟ್ಟು ಎತ್ತಿ ಹಾಕಿಬಿಡೋಣ ಅನ್ನಿಸಿತ್ತು.

ಆಮೇಲೆ ಶಿಜುಒಕಾದಲ್ಲಿ ನರದ ನೋವನ್ನೇ ನೋಡುವ ಡಾಕ್ಟರು ಒಬ್ಬರಿದ್ದಾರೆ ಅಂತ ಕೇಳಿ ರೈಲು ಹತ್ತಿದೆ. ಅಮಾನೊ ಅಂತ ಹೆಸರು, ಸಣ್ಣ ವಯಸ್ಸಿನ ಹೆಣ್ಣುಮಗಳು. ಫೋಟೋ ಪಕ್ಕಕ್ಕಿಟ್ಟು, "ಎಲ್ಲಿ ನೋವು, ಒಂದೇ ಬೆರಳಲ್ಲಿ ತೋರಿಸಿ" ಅಂದಳು. ಆರು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಅವಳು ಹಿಂದಿನಿಂದ ಸೊಂಟದ ಮೂಳೆಯ ಅಂಚಿನ ಮೇಲೆ ಹೆಬ್ಬೆಟ್ಟು ಊರಿದಳು ನೋಡಿ, ನಾನು ಕಿರುಚಿದ್ದು ಹೊರಗೆ ಕೂತವರಿಗೆಲ್ಲ ಕೇಳಿತು. ಅಲ್ಲಿ ಚರ್ಮದ ಕಡೆಗೆ ಬರುವ ಒಂದು ತೆಳು ನರ ಮೂಳೆ ದಾಟುವಾಗ ಗಟ್ಟಿ ಪೊರೆಯ ಕೆಳಗೆ ಸಿಕ್ಕಿಕೊಳ್ಳುತ್ತದಂತೆ. ಫೋಟೋದಲ್ಲಿ ಅದು ಕಾಣುವುದಿಲ್ಲ. ಅದೇ ಜಾಗಕ್ಕೆ ಮರಗಟ್ಟಿಸುವ ಸೂಜಿ ಹಾಕಿ, ನಡೆಯಿರಿ ಅಂದಳು. ನಡೆದೆ. ಕಾರಿಡಾರಿನ ಈ ತುದಿಯಿಂದ ಆ ತುದಿಗೆ, ಎಲ್ಲೂ ಕೂರದೆ. ಅಳು ಬಂತು, ಸಂತೋಷಕ್ಕಲ್ಲ, ಸಿಟ್ಟಿಗೆ. ಮೂರು ಗಂಟೆ ಕಳೆದ ಮೇಲೆ ನೋವು ವಾಪಸು ಬಂತು. ಆಮೇಲೆ ಮೂರು ಸಲ ಹಾಕಿದಾಗಲೂ ಹಾಗೇ ಆಯಿತು. ಹಾಗಾದರೆ ಆಪರೇಶನ್ ಮಾಡಿ ನರ ಬಿಡಿಸಿಯೇಬಿಡೋಣ ಅಂದಳು.

ಮನೆಯವರ ಸಹಿ ಬೇಕು ಅಂದಾಗ ಅತ್ತೆಯವರು ಮುಖ ತಿರುಗಿಸಿದರು. ಸಹಿಯ ಬದಲು ಒತ್ತುವ ನಿಮ್ಮ ಹೆಸರಿನ ಮುದ್ರೆ ಮೇಜಿನ ಖಾನೆಯಲ್ಲಿತ್ತು. ನಾನೇ ಒತ್ತಿದೆ. ಬೈಯುವುದಿದ್ದರೆ ಬಂದು ಬೈಯಿರಿ. ಆಪರೇಶನ್ ಹೊತ್ತಿಗೆ ಎಚ್ಚರವಾಗಿಯೇ ಬೋರಲು ಮಲಗಿದ್ದೆ. ಅಮಾನೊ ಒಳಗೆ ಏನನ್ನೋ ಮುಟ್ಟಿ, "ಇದೇನಾ?" ಅಂದಳು. "ಅದೇ ಕಣಮ್ಮಾ ಆ ಮನೆಹಾಳು!" ಅಂದೆ. ನರ್ಸುಗಳೆಲ್ಲ ನಕ್ಕರು. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಪೂರ್ತಿ ಹೋಯಿತು ಅಂತ ಸುಳ್ಳು ಹೇಳುವುದಿಲ್ಲ, ತೊಡೆಯ ಹೊರಗೆ ಇನ್ನೂ ಜುಮ್ ಅನ್ನುತ್ತೆ. ಆದರೆ ನಿನ್ನೆ ಹೆಂಗಸರ ಕಡೆಯ ನೆಲ ಪೂರ್ತಿ ನಾನೇ ಉಜ್ಜಿದೆ. ಒಂಟಿತನ ಅಂದ ಆ ಡಾಕ್ಟರಿಗೂ ಒಂದು ಕಾಗದ ಹಾಕಿದ್ದೇನೆ. ಇಷ್ಟು ಮರ್ಯಾದೆಯಾಗಿ ಬರೆದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಹಡಗಿನವರನ್ನೆಲ್ಲ ಕೇಳಿದೆ ಅನ್ನಿ.

ನಿಮ್ಮ,
ಫುಮಿಯೆ

ಮರೆತಿದ್ದೆ: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಹೋದ ವಾರ ಅತ್ತೆಯವರು ನನ್ನ ಬೆನ್ನು ಉಜ್ಜುತ್ತಾ ಗಾಯದ ಗುರುತನ್ನು ತುಂಬ ಹೊತ್ತು ನೋಡಿದರು. ಆಮೇಲೆ, "ಆ ಹುಡುಗಿ ನನ್ನಂಥ ಮುದುಕಿಯನ್ನೂ ನೋಡ್ತಾಳೇನೇ?" ಅಂದರು. ನಿಮ್ಮಪ್ಪ ಇದ್ದ ಕಾಲದಿಂದ ಅವರಿಗೂ ಇದೇ ನೋವು ಇದೆಯಂತೆ. ಒಮ್ಮೆ ಹೇಳಿದ್ದಕ್ಕೆ ಮಾವನವರು ನಾಟಕ ಅಂದರಂತೆ, ಮತ್ತೆ ಬಾಯಿ ಬಿಟ್ಟಿಲ್ಲ. ಗಲ್ಲಾ ಬಿಟ್ಟು ಏಳದೆ ಇದ್ದದ್ದು ಅದಕ್ಕೇ ಕಣ್ರೀ. ಈ ತಿಂಗಳ ಇಪ್ಪತ್ತೆರಡಕ್ಕೆ ಅವರ ಆಪರೇಶನ್. ನಿಮಗೆ ತಿಳಿಸಬಾರದು ಅಂತ ಆಣೆ ಹಾಕಿಸಿಕೊಂಡಿದ್ದಾರೆ, ಮುರಿದೆ. "ಈ ವಯಸ್ಸಲ್ಲಿ ಯಾಕೆ" ಅಂತ ಮಾತ್ರ ಫೋನ್ ಮಾಡಬೇಡಿ, ಅವರಿಗೆ ಕೊಡುವುದೇ ಇಲ್ಲ. ಮೊನ್ನೆ ಸೂಜಿ ಹಾಕಿದ ಮೇಲೆ ನಿಮ್ಮಮ್ಮ ಆಸ್ಪತ್ರೆಯ ಮೆಟ್ಟಿಲು ಹತ್ತಿದರು, ಇಳಿದರು. ಸಾಕು ಬನ್ನಿ ಅಂದರೂ ಕೇಳದೆ, ಇನ್ನೊಂದು ಸಲ ಹತ್ತಿದರು.