ಎಡಗೈಯ ಅಕ್ಷತೆ

ಜಗಳೂರು, ಮಾರ್ಚ್ ೧೯೮೪

ಅವ್ವಾ,

ಲಕ್ವ ಹೊಡೆದ ಕೈ ಯಾಕೆ ಏಳುವುದಿಲ್ಲ ಎಂದು ನನಗೆ ಮೊದಲು ಬಿಡಿಸಿ ಹೇಳಿದವರು ಡಾಕ್ಟರ್ ಮಹೇಶ್ವರಪ್ಪ, ಹೋದ ಸೋಮವಾರ. ಲಕ್ವ ಹೊಡೆದ ಮಾರಪ್ಪ ಮಾವನ ಬಲಗೈಗೆ ನಾವು ಎಣ್ಣೆ ತಿಕ್ಕುತ್ತಿದ್ದೆವು.

“ಕೈ ನೆಟ್ಟಗೈತೆ ಕಣ್ರೀ. ಪೆಟ್ಟು ಬಿದ್ದಿರೋದು ಮಿದುಳಿನ ಎಡಗಡೆ. ಅಲ್ಲಿಂದ ಹೊರಟ ನರದ ಎಳೆ ಕುತ್ತಿಗೆ ಹತ್ರ ಬಲಕ್ಕೆ ದಾಟಿ, ಬೆನ್ನುಹುರಿಯೊಳಗೆ ಇಳಿದು ಕೈಗೆ ಅಪ್ಪಣೆ ಮುಟ್ಟಿಸ್ತೈತೆ. ಈಗ ಅದು ಮುಟ್ತಿಲ್ಲ.”

“ಹಂಗಾದ್ರೆ ತಲೆಗೇ ತಿಕ್ರಲೇ,” ಎಂದು ಮಾವ ತೊದಲಿದ. ಎಲ್ಲರೂ ನಕ್ಕರು.

ನನಗೆ ನನ್ನ ಮದುವೆ ನೆನಪಾಯಿತು. ಉಣ್ಣೆ ನೂಲುತ್ತಿದ್ದ ನಿನ್ನ ಬಲಗೈ ಇದೇ ಲಕ್ವದಿಂದ ಆಗಲೇ ಜೋತುಬಿದ್ದಿತ್ತು. ನೀನು ಎಡಗೈಯಲ್ಲಿ ಅಕ್ಷತೆ ಎತ್ತಿದಾಗ, “ಮನಸ್ಸು ಮಾಡಿದ್ರೆ ಬಲಗೈ ಏಳ್ತೈತೆ” ಎಂದು ನಾನು ತಲೆ ಸರಿಸಿದೆ. ನೀನು ಆ ಅಕ್ಕಿಯನ್ನು ಸೆರಗಿಗೆ ಕಟ್ಟಿಕೊಂಡೆ.

ಡಾಕ್ಟರು ಬಂದುಹೋದ ಮರುದಿನ ಬೆಳಿಗ್ಗೆ ಮಾವ ಮನೆಯವರ ಹಣೆಗಿಡಲು ಎಡಗೈಯಲ್ಲೇ ಭಂಡಾರ, ದೇವರ ಅರಿಶಿನಪುಡಿ, ತೆಗೆದುಕೊಂಡ. ಸೊಸೆ ಹೊನ್ನೂರಮ್ಮ ಹಣೆಯೊಡ್ಡಿದಳು. ಅವಳ ಹಿಂದೆ ನಾನೂ ನಿಂತೆ.