ಹೊಸ ವರ್ಷದ ದಿನ ಹುಟ್ಟಿದವಳಿಗೆ ಹಳೆಯ ವರ್ಷ ಕೊಟ್ಟವರಿಗೆ

ಶಾಲಾ ಕ್ರೀಡಾ ನೋಂದಣಿ ಜಾಲತಾಣದ ತಾಂತ್ರಿಕ ಮುಖ್ಯಸ್ಥರಿಗೆ,

ಮಾನ್ಯರೇ, ಲಕ್ಕೂರಿನ ಗಂಗಾ ಎಂಬ ಹುಡುಗಿಯ ಒಂದು ದಿನ ನಿಮ್ಮ ಬಳಿ ಇದೆ. ಅದನ್ನು ವಾಪಸು ಕೇಳಲು ಬರೆಯುತ್ತಿದ್ದೇನೆ.

ಅವಳು ಹುಟ್ಟಿದ್ದು 2012ರ ಜನವರಿ ಒಂದರ ಬೆಳಿಗ್ಗೆ, ಮಾಲೂರಿನಲ್ಲಿ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲಾತಿ ಎಲ್ಲದರಲ್ಲೂ ಅದೇ ತಾರೀಖು. ಈ ಸಲದ ಹದಿನಾಲ್ಕರೊಳಗಿನ ಕಬಡ್ಡಿಗೆ ಆ ದಿನ ಅಥವಾ ಆಮೇಲೆ ಹುಟ್ಟಿದವರೆಲ್ಲ ಅರ್ಹರು. ಗಂಗಾ ಗೆರೆಗೆ ತಾಗಿಯೇ ನಿಂತವಳು, ಆದರೆ ಒಳಗೆ. ಗೆರೆಯ ಒಳಗು ಹೊರಗು ಕಬಡ್ಡಿ ಆಡುವವಳಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ನಾನು ಅವಳ ಕನ್ನಡ ಅಧ್ಯಾಪಕಿ. ಪಿ.ಟಿ. ಮೇಷ್ಟ್ರು ರಜೆಯಲ್ಲಿದ್ದುದರಿಂದ ತಂಡದ ಹೆಸರುಗಳನ್ನು ಜಾಲತಾಣದಲ್ಲಿ ತುಂಬಿದವಳೂ, ಮಕ್ಕಳನ್ನು ಕೋಲಾರದ ಜಿಲ್ಲಾ ಆಯ್ಕೆಗೆ ಕರೆದೊಯ್ದವಳೂ ನಾನೇ. ಮೈದಾನದ ಮೇಜಿನ ಮೇಲಿದ್ದ ಪರದೆಯಲ್ಲಿ ಗಂಗಾಳ ಹುಟ್ಟಿದ ದಿನ 31 ಡಿಸೆಂಬರ್ 2011 ಆಗಿತ್ತು. ನಾನು ಆಧಾರ್ ತೋರಿಸಿದೆ. ಮೇಜಿನ ಹಿಂದಿದ್ದ ಮಹನೀಯರು ಅದರತ್ತ ನೋಡಲೂ ಇಲ್ಲ. "ಮೇಡಂ, ಮನುಷ್ಯರು ಸುಳ್ಳು ಹೇಳ್ತಾರೆ, ಸಿಸ್ಟಮ್ ಹೇಳಲ್ಲ," ಎಂದು ಮೈಕ್ ತೆಗೆದುಕೊಂಡರು. "ಲಕ್ಕೂರು ಶಾಲೆ, ಏಳನೇ ನಂಬರು, ವಯಸ್ಸು ಮುಚ್ಚಿಟ್ಟು ಬಂದಿದ್ದಾಳೆ. ಹೊರಗೆ."

ಮುಳಬಾಗಿಲಿನ ತಂಡದ ಹುಡುಗಿಯೊಬ್ಬಳು ಕೂಗಿದಳು: "ಏನಜ್ಜೀ, ಮೊಮ್ಮಕ್ಳು ಚೆನ್ನಾಗವ್ರಾ?"

ಮೈದಾನವೆಲ್ಲ ನಕ್ಕಿತು. ಯಾರ ಮಾತಿಗೂ ತಿರುಗುತ್ತರ ಕೊಡುವ ಗಂಗಾ ಅವತ್ತು ನೇರ ಹೋಗಿ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಏಳನೇ ನಂಬರಿನ ಅಂಗಿಯನ್ನು ಮಡಚಿ ನನ್ನ ಚೀಲಕ್ಕೆ ತುರುಕಿದಳು.

ನಿಮ್ಮ ಸಿಸ್ಟಮ್ ಹೇಗೆ ಸುಳ್ಳು ಹೇಳಿತೆಂದು ನನಗೆ ವಿವರಿಸಿದವರು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ನನ್ನ ಗೆಳತಿ ಕಹಕಶಾ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮಾಹಿತಿ ಹೋಗುವುದು ಜೇಸನ್ ಎಂಬ ಬರಹದ ರೂಪದಲ್ಲಂತೆ. ಅದರಲ್ಲಿ ಅಂಕಿಗೆ ಜಾಗವಿದೆ, ಅಕ್ಷರಕ್ಕೆ ಜಾಗವಿದೆ, ತಾರೀಖಿಗೆಂದು ಬೇರೆ ಜಾಗವಿಲ್ಲ. ತಾರೀಖು ಬರೀ ಅಕ್ಷರಗಳಾಗಿ ಹೋಗುತ್ತದೆ. ತಲುಪಿದ ಕಡೆ ಪ್ರೋಗ್ರಾಂ ಅದನ್ನು ಮತ್ತೆ ತಾರೀಖು ಮಾಡಿಕೊಳ್ಳಬೇಕು. ನಾನು ತುಂಬಿದ ಜನವರಿ ಒಂದನ್ನು ನಿಮ್ಮ ಪ್ರೋಗ್ರಾಂ ನಡುರಾತ್ರಿ ಎಂದುಕೊಂಡಿತು. ಕಳಿಸುವಾಗ ಇಂಗ್ಲೆಂಡಿನ ಗಡಿಯಾರಕ್ಕೆ ಹೊಂದಿಸಿ ಐದೂವರೆ ಗಂಟೆ ಕಳೆಯಿತು. ಆಗ ಅದು ಡಿಸೆಂಬರ್ 31ರ ಸಂಜೆ ಆರೂವರೆ ಆಯಿತು. ತಲುಪಿದಲ್ಲಿ ಆ ಐದೂವರೆ ಗಂಟೆಯನ್ನು ಮತ್ತೆ ಕೂಡಿಸಬೇಕಿತ್ತು. ನಿಮ್ಮವರು ಗಂಟೆಯ ಭಾಗವನ್ನು ಕತ್ತರಿಸಿ ಎಸೆದು, ತಾರೀಖನ್ನು ಮಾತ್ರ ಇಟ್ಟುಕೊಂಡರು. ಕವಿತೆ ಓದುವವಳು ನಾನು. ಸಾಲನ್ನು ಎಲ್ಲಿ ಮುರಿದರೆ ಅರ್ಥ ಸಾಯುತ್ತದೆಂದು ಗೊತ್ತು. ನಿಮ್ಮವರು ಸರಿಯಾಗಿ ಅಲ್ಲಿಯೇ ಮುರಿದಿದ್ದಾರೆ.

"ಇದು ಮೊದಲ ಸೆಮಿಸ್ಟರ್ ತಪ್ಪು ಅಕ್ಕಾ," ಎಂದರು ಕಹಕಶಾ. "ನನ್ ಸ್ಟೂಡೆಂಟ್ಸ್ ಮಾಡಿದ್ರೆ ಕ್ಲಾಸಿಂದ ಆಚೆ ನಿಲ್ಲಿಸ್ತೀನಿ."

ನಿಮ್ಮಲ್ಲಿ ತಪ್ಪು ಮಾಡಿದವರು ಒಳಗಿದ್ದಾರೆ. ಆಚೆ ನಿಂತವಳು ಗಂಗಾ. ಅಂದಹಾಗೆ, ನೀವು ಜಿಲ್ಲೆಯ ಮಕ್ಕಳನ್ನೆಲ್ಲ ಒಂದೊಂದು ದಿನ ದೊಡ್ಡವರನ್ನಾಗಿ ಮಾಡಿದ್ದೀರಿ. ಉಳಿದವರು ಗೆರೆಯಿಂದ ದೂರವಿದ್ದುದರಿಂದ ಯಾರಿಗೂ ತಿಳಿಯಲಿಲ್ಲ. ಇಂಥ ಅದೃಷ್ಟಕ್ಕೆ ನಿಮ್ಮ ವಾರ್ಷಿಕ ವರದಿಯಲ್ಲಿ ದಕ್ಷತೆ ಎಂಬ ಹೆಸರಿರಬೇಕು.

ಇಷ್ಟನ್ನು ನಾನು ಅಜ್ಞಾನವೆಂದು ಕ್ಷಮಿಸುತ್ತಿದ್ದೆನೋ ಏನೋ. ಮರುದಿನ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಬಹಳ ಸೌಜನ್ಯದ ದನಿ. "ಒಂದನೇ ತಾರೀಖಿನವರಿಗೆ ಆ ಪ್ರಾಬ್ಲಂ ಬರುತ್ತೆ ಮೇಡಂ. ಆಧಾರಲ್ಲಿ ಎರಡು ಅಂತ ತಿದ್ದಿಸ್ಕೊಂಬಿಡಿ. ಆಗ ನಮ್ಮಲ್ಲಿ ಒಂದು ಅಂತ ಬರುತ್ತೆ."

ಅಂದರೆ ನಿಮಗೆ ಗೊತ್ತಿತ್ತು. ಪ್ರೋಗ್ರಾಂ ತಿದ್ದುವುದಕ್ಕಿಂತ ಮಗುವಿನ ಹುಟ್ಟು ತಿದ್ದುವುದು ಸುಲಭವೆಂದು ತೀರ್ಮಾನವೂ ಆಗಿತ್ತು. ವಯಸ್ಸು ಸುಳ್ಳೆಂದು ಹೊರಗೆ ಹಾಕಿದವರು, ಒಳಗೆ ಬರಬೇಕಾದರೆ ಸುಳ್ಳು ಹೇಳಿ ಎಂದರೆ ನಿಮ್ಮ ಕಚೇರಿಯ ನೀತಿಸಂಹಿತೆಯಲ್ಲಿ ಅದು ಯಾವ ಪುಟದಲ್ಲಿದೆ?

ಈ ಸಲಹೆಯನ್ನು ಗಂಗಾಳ ಮನೆಗೆ ಮುಟ್ಟಿಸಿದೆ. ಅವಳ ತಾಯಿ ಮುನಿಯಲ್ಲಮ್ಮ ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದು ಕೂತಿದ್ದರು. "ಹೆತ್ತೋಳು ನಾನು, ನೋವು ತಿಂದೋಳು ನಾನು. ದಿನ ಮಾತ್ರ ಅವರು ಹೇಳ್ದಂಗಾ ಮೇಡಂ?" ಎಂದರು.

ಗಂಗಾ ಇನ್ನೊಂದು ಪ್ರಶ್ನೆ ಕೇಳಿದಳು: "ತಿದ್ದಿಸಿದ್ರೆ, ಮೈಕಲ್ಲಿ ಅವ್ರು ಹೇಳಿದ್ದು ನಿಜ ಆಗೋಗಲ್ವಾ ಮಿಸ್?"

ತಾರೀಖು ತಿದ್ದಿಸಲಿಲ್ಲ. ಆಯ್ಕೆ ಮುಗಿಯಿತು. ಮುಂದಿನ ವರ್ಷ ಅವಳ ವಯಸ್ಸು ನಿಜವಾಗಿಯೂ ಮೀರುತ್ತದೆ. ಆಗ ನಿಮ್ಮ ಸಿಸ್ಟಮ್ ಸರಿಯಾಗಿಯೇ ಹೇಳುತ್ತದೆ.

ಆದ್ದರಿಂದ ನಾನು ಆಟ ಕೇಳುತ್ತಿಲ್ಲ. ಪ್ರೋಗ್ರಾಂ ತಿದ್ದಿ. ಆಮೇಲೆ ಅದೇ ಮೈದಾನಕ್ಕೆ, ಅವೇ ತಂಡಗಳು ಸೇರಿದಾಗ ನೀವೇ ಬಂದು, ಅದೇ ಮೈಕಿನಲ್ಲಿ ಹೇಳಿ: ಲಕ್ಕೂರು ಶಾಲೆಯ ಏಳನೇ ನಂಬರಿನವಳು ನಿಜ ಹೇಳಿದ್ದಳು, ಸುಳ್ಳು ನಮ್ಮದು. ಬರುವ ದಿನವನ್ನು ಮಾತ್ರ ಕಾಗದದ ಮೇಲೆ ಕೈಯಲ್ಲಿ ಬರೆದು ಕಳಿಸಿ. ನಿಮ್ಮ ಜಾಲತಾಣದಲ್ಲಿ ಹಾಕಿದರೆ ಆ ಮಗು ಒಂದು ದಿನ ಮೊದಲೇ ಬಂದು, ಖಾಲಿ ಮೈದಾನದಲ್ಲಿ ನಿಮಗಾಗಿ ಕಾಯಬೇಕಾಗುತ್ತದೆ.

ಇಂತಿ,
ಸರಿಯಾದ ತಾರೀಖು ತುಂಬಿದ ತಪ್ಪು ಮಾಡಿದ
ಸುನಂದ
ಕನ್ನಡ ಅಧ್ಯಾಪಕಿ, ಮಾಲೂರು ತಾಲ್ಲೂಕು